ಮೂರನೆಯ ಪೆಟ್ಟಿನ ಲೆಕ್ಕ

1994ರ ಜನವರಿ 23ರ ರಾತ್ರಿ. ಅಮೆರಿಕದ ಡಲ್ಲಾಸ್‌ನ ಆಸ್ಪತ್ರೆಯೊಂದರ ಕತ್ತಲೆ ಕೋಣೆಯಲ್ಲಿ ಟ್ರಾಯ್ ಏಕ್‌ಮನ್ ಮಲಗಿದ್ದರು. ಆ ದೇಶದ ಅತ್ಯಂತ ಜನಪ್ರಿಯ ಫುಟ್‌ಬಾಲ್ ತಂಡವಾದ ಡಲ್ಲಾಸ್ ಕೌಬಾಯ್ಸ್‌ನ ಕ್ವಾರ್ಟರ್‌ಬ್ಯಾಕ್ ಅವರು; ಅಂದರೆ ಚೆಂಡನ್ನು ಎಸೆದು ಆಟ ನಡೆಸುವಾತ. ಅಂದು ಮಧ್ಯಾಹ್ನ ಎದುರಾಳಿ ಆಟಗಾರನೊಬ್ಬನ ಮಂಡಿ ತಲೆಗೆ ಬಡಿದಿತ್ತು. ಪಕ್ಕದಲ್ಲಿ ಕುಳಿತಿದ್ದ ಏಜೆಂಟ್ ಲೀ ಸ್ಟೈನ್‌ಬರ್ಗ್ ಅವರನ್ನು ಏಕ್‌ಮನ್ ಕೇಳಿದರು: ನಾನೇಕೆ ಇಲ್ಲಿದ್ದೇನೆ? ಇವತ್ತು ಆಡಿದೆನೇ? ಚೆನ್ನಾಗಿ ಆಡಿದೆನೇ? ನಾವು ಗೆದ್ದೆವೇ? ಗೆದ್ದಿರಿ, ಮುಂದಿನ ವಾರ ಸೂಪರ್ ಬೌಲ್ ಫೈನಲ್ ಇದೆ ಎಂದಾಗ ಮುಖ ಅರಳಿತು. ಐದು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆಗಳು, ಅದೇ ಉತ್ತರಗಳು, ಅದೇ ಸಂತೋಷ. ಸ್ವಲ್ಪ ಹೊತ್ತಿಗೆ ಪುನಃ ಅದೇ. ಕೊನೆಗೆ ಸ್ಟೈನ್‌ಬರ್ಗ್ ಉತ್ತರಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದಿಟ್ಟರು.

ಸರಿಯಾಗಿ ಒಂದು ವಾರಕ್ಕೆ, ಜನವರಿ 30ರಂದು, ಏಕ್‌ಮನ್ ಸೂಪರ್ ಬೌಲ್ ಆಡಿದರು. ಡಲ್ಲಾಸ್ 30–13ರಿಂದ ಬಫಲೋ ತಂಡವನ್ನು ಸೋಲಿಸಿತು. ತಾನು ಆಡಿದ್ದನ್ನೇ ಮರೆತ ಮನುಷ್ಯ ಏಳು ದಿನಗಳಲ್ಲಿ ಮತ್ತೆ ಕಣಕ್ಕಿಳಿಯಬಹುದೇ ಎಂದು ಕೇಳುವ ರೂಢಿ ಆಗ ಅಲ್ಲಿ ಇರಲಿಲ್ಲ. ಇನ್ನು ಮುಂದೆ ಆಡಲೇಬಾರದೇ ಎಂಬ ಪ್ರಶ್ನೆಯಂತೂ ದೂರವೇ ಉಳಿಯಿತು.

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟಿಸುವ ಆಟ ಅದು. ತಡೆಯುವವರು ಮೈಯಿಂದ ಮೈಗೆ ಗುದ್ದಿ ಕೆಡವುತ್ತಾರೆ. ಕಬಡ್ಡಿಯ ಹಿಡಿತಕ್ಕೆ ಓಟದ ವೇಗವನ್ನೂ ನೂರು ಕಿಲೋ ದಾಟಿದ ದೇಹಗಳನ್ನೂ ಸೇರಿಸಿದರೆ ಅದರ ಅಂದಾಜು ಸಿಗಬಹುದು. ತಲೆಗೆ ಹೆಲ್ಮೆಟ್ ಇರುತ್ತದೆ, ನಿಜ. ಆದರೆ ಹೆಲ್ಮೆಟ್ ಕಾಯುವುದು ತಲೆಬುರುಡೆಯನ್ನು, ಮಿದುಳನ್ನಲ್ಲ. ಮಿದುಳು ಗಡ್ಡೆ ಮೊಸರಿನಂತೆ ಮೆದುವಾದದ್ದು, ಬುರುಡೆಯೊಳಗಿನ ದ್ರವದಲ್ಲಿ ತೇಲುವಂಥದ್ದು. ಓಡುತ್ತಿದ್ದ ತಲೆ ಗಕ್ಕನೆ ನಿಂತರೆ ಅಥವಾ ತಿರುಚಿದರೆ ಒಳಗಿನ ಮಿದುಳು ಅಲುಗಾಡಿ, ಅದರ ನರತಂತುಗಳು ಎಳೆದಾಡುತ್ತವೆ. ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ನೆನಪು ಕೈಕೊಡುತ್ತದೆ. ಕೆಲವರಿಗೆ ಮಾತ್ರ ಪ್ರಜ್ಞೆ ತಪ್ಪುತ್ತದೆ. ವೈದ್ಯರು ಇದನ್ನು ಕಂಕಷನ್ ಎನ್ನುತ್ತಾರೆ.

ಇದರ ದೊಡ್ಡ ತೊಡಕೆಂದರೆ ಮಾಮೂಲಿ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ಕಾಲು ಮುರಿದರೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ಇಲ್ಲಿ ವೈದ್ಯರು ಬಹುಮಟ್ಟಿಗೆ ಆಟಗಾರನ ಮಾತನ್ನೇ ನಂಬಬೇಕು. ಆಟಗಾರನಿಗೋ ಸುಳ್ಳು ಹೇಳಲು ನೂರು ಕಾರಣಗಳಿರುತ್ತವೆ. ಬೆಂಚಿನ ಮೇಲೆ ಕಾದು ಕುಳಿತವನು ಜಾಗ ಕಸಿದುಕೊಳ್ಳುತ್ತಾನೆ ಎಂಬುದು ಅವುಗಳಲ್ಲಿ ಮೊದಲನೆಯದು.

ಈ ಆಟ ಜೀವಕ್ಕೆ ಎರವಾಗಬಲ್ಲದು ಎಂಬುದು ಅಮೆರಿಕನ್ನರಿಗೆ ಹೊಸ ವಿಷಯವಲ್ಲ. 1905ರ ಒಂದೇ ಋತುವಿನಲ್ಲಿ 18 ಮಂದಿ ಸತ್ತರೆಂದು ಷಿಕಾಗೋದ ಪತ್ರಿಕೆಯೊಂದು ಲೆಕ್ಕ ಕೊಟ್ಟಿತ್ತು. ಅದೇ ವರ್ಷ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಲು ಹೇಳಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಒಂದೇ ಕಡೆ ಗುಂಪುಗೂಡಿ ತುಳಿದಾಡುವುದು ತಗ್ಗಿತು. ಆದರೆ ಆಗಿನ ಚಿಂತೆಯೆಲ್ಲ ಮೈದಾನದಲ್ಲೇ ಸಾಯುವವರ ಬಗ್ಗೆ. ಬದುಕಿ ಉಳಿದು, ಇಪ್ಪತ್ತು ವರ್ಷದ ನಂತರ ಮನೆಯ ದಾರಿ ಮರೆಯುವವರ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಆ ಯೋಚನೆ ಬಂದದ್ದು ಬಾಕ್ಸಿಂಗ್ ಕಣದಿಂದ. 1928ರಲ್ಲಿ ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲೆಂಡ್ ಅವರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವರ್ಷಗಟ್ಟಲೆ ಗುದ್ದು ತಿಂದ ಬಾಕ್ಸರುಗಳು ಕುಡಿದವರಂತೆ ತೂರಾಡುವುದು, ತೊದಲುವುದು, ಮಂಕಾಗುವುದು ಕಣದ ಸುತ್ತಲಿನವರಿಗೆಲ್ಲ ಗೊತ್ತಿತ್ತು. ಮಾರ್ಟ್‌ಲೆಂಡ್ ಅದನ್ನು ರೋಗವೆಂದು ಕರೆದರು. ಆದರೂ ಫುಟ್‌ಬಾಲ್ ಲೋಕ ಅದನ್ನು ಬಾಕ್ಸರುಗಳ ಕಾಯಿಲೆಯೆಂದು ಬದಿಗಿಟ್ಟಿತು. ಬಾಕ್ಸರ್ ಬಡವರ ಮನೆಯ ಹುಡುಗ. ಫುಟ್‌ಬಾಲ್ ಆಡುವವರು ಆಗ ಹೆಸರುವಾಸಿ ಕಾಲೇಜುಗಳ ವಿದ್ಯಾರ್ಥಿಗಳು. ಕಾಯಿಲೆಗೂ ವರ್ಗಭೇದ ಮಾಡಿದಂತಾಯಿತು.

ಯಾವಾಗ ಆಟ ಬಿಡಬೇಕು ಎಂಬುದಕ್ಕೆ ಒಂದು ಅಳತೆಗೋಲು ಕೊಟ್ಟವರು ಹಾರ್ವರ್ಡ್ ತಂಡಗಳ ಶಸ್ತ್ರವೈದ್ಯ ಆಗಸ್ಟಸ್ ಥಾರ್ನ್‌ಡೈಕ್. 1952ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಹೇಳಿದ್ದು ಇಷ್ಟು: ಕಂಕಷನ್ ಮೂರು ಸಲಕ್ಕಿಂತ ಹೆಚ್ಚು ಮರುಕಳಿಸಿದವರು, ಅಥವಾ ಯಾವುದೇ ಒಂದು ಸಲ ಕ್ಷಣಕಾಲಕ್ಕಿಂತ ಹೆಚ್ಚು ಹೊತ್ತು ಪ್ರಜ್ಞೆ ತಪ್ಪಿದವರು ಮೈಗೆ ಮೈ ತಾಗುವ ಆಟಕ್ಕೆ ಮರಳಬಾರದು. ವೈದ್ಯರ ಬಾಯಲ್ಲಿ ಇದು 'ಮೂರರ ನಿಯಮ'ವಾಗಿ ಉಳಿಯಿತು. ಮೂರೇ ಏಕೆ, ಎರಡೇಕಲ್ಲ, ಐದೇಕಲ್ಲ ಎಂಬುದಕ್ಕೆ ಪ್ರಯೋಗದ ಆಧಾರ ಇರಲಿಲ್ಲ. ಅನುಭವಿ ವೈದ್ಯರೊಬ್ಬರ ಅಂದಾಜು ಅದು. ಹಾಗಿದ್ದರೂ ಅದನ್ನು ಪಾಲಿಸಿದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತಿತ್ತು. ಪಾಲಿಸುವುದಿರಲಿ, ವೃತ್ತಿಪರ ಲೀಗಿನಲ್ಲಿ ಪೆಟ್ಟುಗಳನ್ನು ಎಣಿಸುವವರೇ ಇರಲಿಲ್ಲ. ಅಮೋನಿಯಾ ಸೀಸೆಯನ್ನು ಮೂಗಿಗೆ ಹಿಡಿಯುವುದು, ಇದು ಎಷ್ಟು ಬೆರಳು ಎಂದು ಕೇಳುವುದು, ಉತ್ತರ ಹತ್ತಿರ ಹತ್ತಿರ ಸರಿಯಿದ್ದರೆ ಮೈದಾನಕ್ಕೆ ತಳ್ಳುವುದು, ಇದೇ ದಶಕಗಳ ಕಾಲದ ಚಿಕಿತ್ಸೆ.

ಬೇಗ ಮರಳುವುದರ ಅಪಾಯವನ್ನು ವೈದ್ಯರು ಕಂಡದ್ದು ಎಳೆಯರಲ್ಲಿ. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ, ಅದು ಚಿಕ್ಕದೇ ಆಗಿದ್ದರೂ, ಮಿದುಳು ಹಠಾತ್ತನೆ ಊದಿಕೊಂಡು ಪ್ರಾಣವೇ ಹೋಗಬಹುದು. 1984ರಲ್ಲಿ ಇಬ್ಬರು ವೈದ್ಯರು 19 ವರ್ಷದ ಕಾಲೇಜು ಆಟಗಾರನ ಸಾವನ್ನು ವಿವರಿಸುತ್ತ ಇದಕ್ಕೆ ಎರಡನೇ ಆಘಾತದ ಲಕ್ಷಣಕೂಟ ಎಂಬ ಅರ್ಥದ ಹೆಸರಿಟ್ಟರು. ಇದು ಅಪರೂಪ, ಆದರೆ ಬಂದರೆ ಮಾರಕ. ಪೆಟ್ಟು ಬಿದ್ದ ಶಾಲಾ ಆಟಗಾರನನ್ನು ಅದೇ ದಿನ ಆಡಿಸಬಾರದು, ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸಬಾರದು ಎಂಬ ಕಾಯ್ದೆ ವಾಷಿಂಗ್ಟನ್ ರಾಜ್ಯದಲ್ಲಿ ಬಂದದ್ದು 2009ರಲ್ಲಿ. ಅಂದರೆ ಕಾಲು ಶತಮಾನದ ನಂತರ.

ವೃತ್ತಿಪರರಲ್ಲಿ ಮೊದಲ ಸದ್ದು ಎದ್ದದ್ದು 1992ರ ನವೆಂಬರಿನಲ್ಲಿ. ನ್ಯೂಯಾರ್ಕ್ ಜೆಟ್ಸ್ ತಂಡದ ಅಲ್ ಟೂನ್ ಇನ್ನೊಂದು ಪೆಟ್ಟಿನ ನಂತರ 29ನೇ ವಯಸ್ಸಿನಲ್ಲೇ ಆಟಕ್ಕೆ ವಿದಾಯ ಹೇಳಿದರು. ಎರಡು ವರ್ಷದ ನಂತರ ಮೆರಿಲ್ ಹೋಜ್ ಅವರ ಸರದಿ. ಅವರಿಗೂ 29. ಷಿಕಾಗೋ ಬೇರ್ಸ್ ಪರ ಆಡುತ್ತಿದ್ದ ಅವರು 1994ರ ಆಗಸ್ಟಿನಲ್ಲಿ ಕಂಕಷನ್‌ಗೆ ಒಳಗಾಗಿ, ಕೆಲವೇ ದಿನಗಳಲ್ಲಿ ಮರಳಿ, ಅಕ್ಟೋಬರಿನಲ್ಲಿ ಮತ್ತೆ ಪೆಟ್ಟು ತಿಂದರು. ಈ ಸಲ ಉಸಿರೇ ನಿಂತಿತ್ತು. ಓದುವುದನ್ನು ಹೊಸದಾಗಿ ಕಲಿಯಬೇಕಾಯಿತು. ತಂಡದ ಮಾಜಿ ವೈದ್ಯರ ಮೇಲೆ ಅವರು ಹೂಡಿದ ದಾವೆಯಲ್ಲಿ ನ್ಯಾಯದರ್ಶಿಗಳು 2000ದಲ್ಲಿ 15 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಘೋಷಿಸಿದರು. ಆ ತೀರ್ಪು ಆಮೇಲೆ ನಿಲ್ಲಲಿಲ್ಲ.

ಲೀಗ್ ಏನು ಮಾಡಿತು? 1994ರಲ್ಲಿ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಮಿದುಳು ತಜ್ಞರಲ್ಲ, ಕೀಲುರೋಗ ತಜ್ಞರು. ಟೂನ್ ಆಡಿದ ಜೆಟ್ಸ್ ತಂಡದ ವೈದ್ಯರೇ. ಲೀಗಿನ ಮುಖ್ಯಸ್ಥ ಪಾಲ್ ಟ್ಯಾಗ್ಲಿಯಾಬ್ಯೂ ಅವರು ಇದು ಪತ್ರಕರ್ತರು ಗುಂಪುಗೂಡಿ ಎಬ್ಬಿಸಿದ ವಿಷಯ ಎಂಬ ಧಾಟಿಯಲ್ಲಿ ಮಾತಾಡಿದರು. ಆ ಮಾತಿಗೆ ಅವರು ವಿಷಾದ ವ್ಯಕ್ತಪಡಿಸಿದ್ದು 2017ರಲ್ಲಿ. ಪೆಟ್ಟು ಬಿದ್ದ ಆಟಗಾರ ಅದೇ ಪಂದ್ಯದಲ್ಲಿ ಮರಳಿದರೂ ದೊಡ್ಡ ಅಪಾಯವಿಲ್ಲ ಎಂದು ಸಮಿತಿ 2005ರಲ್ಲೂ ಬರೆಯುತ್ತಿತ್ತು. ಆ ವೇಳೆಗಾಗಲೇ ಬೇರೆ ಸಂಶೋಧಕರ ಲೆಕ್ಕ ಬೇರೆಯೇ ಹೇಳಿತ್ತು. ಹಿಂದೆ ಮೂರು ಅಥವಾ ಹೆಚ್ಚು ಕಂಕಷನ್ ಆದ ಕಾಲೇಜು ಆಟಗಾರರಿಗೆ ಇನ್ನೊಂದು ಆಗುವ ಸಂಭವ ಮೂರು ಪಟ್ಟು ಎಂದು ಉತ್ತರ ಕೆರೊಲಿನಾದ ಕೆವಿನ್ ಗಸ್‌ಕೆವಿಚ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದರು. ನಿವೃತ್ತ ವೃತ್ತಿಪರರಲ್ಲಿ ಅಂಥವರಿಗೆ ಖಿನ್ನತೆ ಕಾಣಿಸಿಕೊಳ್ಳುವುದೂ ಮೂರು ಪಟ್ಟು ಎಂದು 2007ರಲ್ಲಿ ಹೊರಬಿತ್ತು. ಥಾರ್ನ್‌ಡೈಕ್ ಅವರ ಅಂದಾಜಿಗೆ ಅರ್ಧ ಶತಮಾನದ ನಂತರ ಅಂಕಿಗಳ ಬೆಂಬಲ ಸಿಕ್ಕಿತು.

ಕಥೆ ಇಲ್ಲಿಗೇ ನಿಂತಿದ್ದರೆ ಸರಳವಾಗಿರುತ್ತಿತ್ತು: ಮೂರು ಪೆಟ್ಟು ಎಣಿಸಿ, ಆಟ ಬಿಡಿ. ಅದನ್ನು ಕಲಕಿದ್ದು ಒಂದು ಶವಪರೀಕ್ಷೆ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ ಗೆದ್ದವರು, 17 ಋತು ಆಡಿದವರು. ಅವರದು ಸೆಂಟರ್ ಎಂಬ ಸ್ಥಾನ: ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣ ಎದುರಿನವನಿಗೆ ತಲೆಯೊಡ್ಡಿ ತಡೆಯುವ ಕೆಲಸ. ಪ್ರತಿ ಸಲವೂ ಒಂದು ಸಣ್ಣ ಡಿಕ್ಕಿ, ಬಿದ್ದು ಒದ್ದಾಡುವಂಥದ್ದೇನಲ್ಲ. ನಿವೃತ್ತಿಯ ನಂತರ ಅವರ ಬುದ್ಧಿ ಸ್ತಿಮಿತ ತಪ್ಪಿತು, ಸಂಸಾರ ಮುರಿಯಿತು, ತಮ್ಮ ಟ್ರಕ್ಕಿನಲ್ಲೇ ಮಲಗುವ ಸ್ಥಿತಿ ಬಂತು. 2002ರ ಸೆಪ್ಟೆಂಬರಿನಲ್ಲಿ 50ನೇ ವಯಸ್ಸಿಗೆ ತೀರಿಕೊಂಡರು. ಶವಪರೀಕ್ಷೆ ಮಾಡಿದವರು ನೈಜೀರಿಯಾದಿಂದ ಬಂದು ಪಿಟ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದ ತರುಣ ವೈದ್ಯ ಬೆನೆಟ್ ಒಮಾಲು. ಫುಟ್‌ಬಾಲಿನ ಗಂಧಗಾಳಿ ಅವರಿಗಿರಲಿಲ್ಲ. ಪ್ರಾಯಶಃ ಅದೇ ಒಳ್ಳೆಯದಾಯಿತು. ಮಿದುಳು ಹೊರನೋಟಕ್ಕೆ ಸರಿಯಾಗಿಯೇ ಕಂಡಿತು. ಆದರೂ ಬಿಡದೆ, ತೆಳು ಪದರಗಳನ್ನು ಸ್ವಂತ ಖರ್ಚಿನಲ್ಲಿ ಪರೀಕ್ಷೆಗೆ ಒಡ್ಡಿದರು. ಟೌ ಎಂಬ ಪ್ರೋಟೀನು ಅಲ್ಲಲ್ಲಿ ಗಂಟುಗಟ್ಟಿತ್ತು. ಬಾಕ್ಸರುಗಳ ಕಾಯಿಲೆ ಫುಟ್‌ಬಾಲ್ ಆಟಗಾರನಲ್ಲಿ! ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪಥಿ, ಚುಟುಕಾಗಿ ಸಿಟಿಇ, ಎಂಬ ಹೆಸರು 2005ರ ಅವರ ಲೇಖನದಿಂದ ಫುಟ್‌ಬಾಲ್ ಲೋಕಕ್ಕೆ ಬಂತು. ಲೀಗಿನ ಸಮಿತಿಯ ವೈದ್ಯರು ಆ ಲೇಖನವನ್ನು ಹಿಂದೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಪತ್ರಿಕೆ ಒಪ್ಪಲಿಲ್ಲ.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಸಂಗತಿ. 2011ರಲ್ಲಿ ಡೇವ್ ಡುಅರ್ಸನ್ ತಮ್ಮ ಮಿದುಳನ್ನು ಪರೀಕ್ಷೆಗೆ ಕೊಡಬೇಕೆಂದು ತಿಳಿಸಿ ಪ್ರಾಣ ಕಳೆದುಕೊಂಡರು. 4,500ಕ್ಕೂ ಹೆಚ್ಚು ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 2013ರಲ್ಲಿ 76.5 ಕೋಟಿ ಡಾಲರಿನ ರಾಜಿಯಾಯಿತು; ಆ ಮಿತಿಯನ್ನೂ ನಂತರ ತೆಗೆಯಲಾಯಿತು. ಫುಟ್‌ಬಾಲಿಗೂ ಸಿಟಿಇಗೂ ಸಂಬಂಧವಿದೆ ಎಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಒಪ್ಪಿಕೊಂಡದ್ದು 2016ರಲ್ಲಿ. ರಾಜಿಯ ಒಳಗೂ ಒಂದು ಕಹಿ ಇತ್ತು. ಬುದ್ಧಿಶಕ್ತಿ ಎಷ್ಟು ಕುಂದಿದೆ ಎಂದು ಅಳೆಯುವಾಗ ಕರಿಯ ಆಟಗಾರರ ಮೂಲ ಸಾಮರ್ಥ್ಯವೇ ಕಡಿಮೆಯೆಂದು ಊಹಿಸುವ ಲೆಕ್ಕ ಬಳಕೆಯಲ್ಲಿತ್ತು. ಹಾಗಾಗಿ ಅವರಿಗೆ ಪರಿಹಾರ ಸಿಗುವುದು ಕಷ್ಟವಾಗಿತ್ತು. ಇಬ್ಬರು ಮಾಜಿ ಆಟಗಾರರು ದಾವೆ ಹೂಡಿದ ನಂತರ, 2021ರಲ್ಲಿ ಅದನ್ನು ಕೈಬಿಡಲು ಲೀಗ್ ಒಪ್ಪಿತು.

ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಂಕಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅವರು ಪರೀಕ್ಷಿಸಿದ 111 ವೃತ್ತಿಪರ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತು. ಇದನ್ನು ಓದಿ ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಈ ರೋಗ ಬರುತ್ತದೆ ಎಂದುಕೊಳ್ಳುವುದು ತಪ್ಪು. ತೊಂದರೆ ಕಂಡ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡುತ್ತವೆ. ಅಲ್ಲದೆ ಸಿಟಿಇ ಇದೆ ಎಂದು ಖಚಿತವಾಗಿ ಹೇಳಲು ಸಾಧ್ಯವಾಗುವುದು ಸತ್ತ ಮೇಲೆ ಮಾತ್ರ. ಕಂಕಷನ್‌ಗಳ ಸರಮಾಲೆಯನ್ನೇ ಕಂಡ ಏಕ್‌ಮನ್ 2001ರಲ್ಲಿ ಆಟ ಬಿಟ್ಟು ಟೆಲಿವಿಷನ್ ವೀಕ್ಷಕ ವಿವರಣೆಗಾರರಾಗಿ ದಶಕಗಳ ಕಾಲ ಚುರುಕಾಗಿ ಮಾತಾಡಿದರು. ಪೆಟ್ಟಿನಿಂದಲೇ ಆಟ ಕಳೆದುಕೊಂಡ ಮೆರಿಲ್ ಹೋಜ್ ಅವರಂತೂ 2018ರಲ್ಲಿ ಸಿಟಿಇ ವಿಜ್ಞಾನವನ್ನು ಅತಿರಂಜಿತವೆಂದು ಟೀಕಿಸುವ ಪುಸ್ತಕಕ್ಕೆ ಸಹಲೇಖಕರಾದರು. ಇಂಥ ವಿಚಿತ್ರಗಳೂ ಈ ಇತಿಹಾಸದಲ್ಲಿವೆ.

ಆದರೆ ನಿವೃತ್ತಿಯ ಪ್ರಶ್ನೆಗೆ ಹೆಚ್ಚು ಮುಖ್ಯವಾದದ್ದು ಬಾಸ್ಟನ್ ತಂಡದ ಮುಂದಿನ ಶೋಧಗಳು. ಸಿಟಿಇ ಕಂಡುಬಂದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕಂಕಷನ್ ಆದ ದಾಖಲೆಯೇ ಇರಲಿಲ್ಲ. ಆಡಿದ ಪ್ರತಿ ಒಂದು ವರ್ಷಕ್ಕೆ ರೋಗದ ಸಂಭವ ಶೇ 30ರಷ್ಟು ಏರುತ್ತದೆ, ಎರಡೂವರೆ ವರ್ಷಕ್ಕೆ ಸ್ವಲ್ಪ ಮೇಲಾದರೆ ಇಮ್ಮಡಿಯಾಗುತ್ತದೆ ಎಂದು 2019ರಲ್ಲಿ ಕಂಡುಕೊಂಡರು. 2023ರಲ್ಲಿ 631 ಮಿದುಳುಗಳ ಅಧ್ಯಯನವೂ ಅದನ್ನೇ ಹೇಳಿತು: ರೋಗವನ್ನು ಸೂಚಿಸುವುದು ಕಂಕಷನ್‌ಗಳ ಸಂಖ್ಯೆಯಲ್ಲ, ತಲೆ ತಿಂದ ಎಲ್ಲ ಸಣ್ಣ ದೊಡ್ಡ ಏಟುಗಳ ಒಟ್ಟು ಬಲ. ಎಂದರೆ ದಶಕಗಳಿಂದ ತಪ್ಪು ಖಾತೆಯನ್ನು ಬರೆಯಲಾಗುತ್ತಿತ್ತು. ದೊಡ್ಡ ಪೆಟ್ಟುಗಳನ್ನು ಎಣಿಸಿ ಮೂರಾದಾಗ ನಿಲ್ಲಿಸುವುದು ಇವತ್ತಿನ ನೋವಿಗೆ, ಮುಂದಿನ ಪೆಟ್ಟಿಗೆ ಉತ್ತರವಾಗಬಹುದು. ಇಪ್ಪತ್ತು ವರ್ಷದ ನಂತರದ ಮರೆವಿಗೆ ಉತ್ತರ ಆಡಿದ ವರ್ಷಗಳಲ್ಲಿದೆ.

ಇದನ್ನು ಆಟಗಾರರಲ್ಲಿ ಸ್ಪಷ್ಟವಾಗಿ ಗ್ರಹಿಸಿದವರು ಕ್ರಿಸ್ ಬೋರ್ಲಂಡ್. ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿ ಒಂದೇ ಋತು ಆಡಿ, ಮಿಂಚಿ, 2015ರ ಮಾರ್ಚಿನಲ್ಲಿ 24ನೇ ವಯಸ್ಸಿಗೆ ಬಿಟ್ಟರು. ಅವರಿಗೆ ಅಂಥ ಪೆಟ್ಟುಗಳ ಪಟ್ಟಿಯೇನೂ ಇರಲಿಲ್ಲ. ತರಬೇತಿಯಲ್ಲಿ ತಲೆಗೆ ಏಟು ಬಿದ್ದಾಗ, ತಂಡದಲ್ಲಿ ಜಾಗ ಗಿಟ್ಟಿಸಬೇಕೆಂದು ಬಾಯಿ ಬಿಡದೆ ಆಡಿದ್ದರು. ಆಗ ಹುಟ್ಟಿದ ಯೋಚನೆ ಅವರನ್ನು ಸಂಶೋಧಕರ ಬಳಿಗೆ ಕರೆದೊಯ್ದಿತು. ಕರಾರಿನ ವೇಳೆ ಪಡೆದ 6 ಲಕ್ಷ 17 ಸಾವಿರ ಡಾಲರ್ ಬೋನಸ್ಸಿನ ಮುಕ್ಕಾಲು ಪಾಲನ್ನು ವಾಪಸು ಕೊಟ್ಟರು. ಲ್ಯೂಕ್ ಕೀಕ್ಲಿ ಅವರದು ಇನ್ನೊಂದು ದಾರಿ. ಕೆರೊಲಿನಾ ತಂಡದ ಈ ಬಲಾಢ್ಯ 2015, 2016, 2017ರಲ್ಲಿ ಸತತವಾಗಿ ಪೆಟ್ಟು ತಿಂದರು. 2016ರ ನವೆಂಬರಿನಲ್ಲಿ ಮೈದಾನದಿಂದ ಗಾಡಿಯಲ್ಲಿ ಕರೆದೊಯ್ಯುವಾಗ ಅವರು ಬಿಕ್ಕಿ ಬಿಕ್ಕಿ ಅತ್ತದ್ದನ್ನು ದೇಶವೇ ನೋಡಿತು. ಮತ್ತೂ ಆಡಿ, 2020ರ ಜನವರಿಯಲ್ಲಿ 28ಕ್ಕೆ ನಿಲ್ಲಿಸಿದರು.

ಕಾಲ್ಚೆಂಡಾಟವೂ ಇದರಿಂದ ಹೊರತಲ್ಲ. ಇಂಗ್ಲೆಂಡಿನ ಜೆಫ್ ಆಸ್ಲ್ 2002ರಲ್ಲಿ 59ನೇ ವಯಸ್ಸಿಗೆ ತೀರಿಕೊಂಡಾಗ, ಅದು ಚೆಂಡಿಗೆ ತಲೆಯೊಡ್ಡಿದ್ದರಿಂದ ಬಂದ ವೃತ್ತಿಜನ್ಯ ರೋಗವೆಂದು ಮರಣ ವಿಚಾರಣಾಧಿಕಾರಿ ದಾಖಲಿಸಿದರು. ಗಣಿ ಕಾರ್ಮಿಕರ ಶ್ವಾಸಕೋಶಕ್ಕೆ ಬಳಸುವ ಪದ ಅದು. ಇನ್ನು ಕ್ರಿಕೆಟ್ ಪ್ರಿಯರಿಗೆ 1962ರ ಬಾರ್ಬಡೋಸ್ ನೆನಪಿರುತ್ತದೆ: ಚಾರ್ಲಿ ಗ್ರಿಫಿತ್ ಅವರ ಚೆಂಡು ಬಡಿದು ಬುರುಡೆ ಬಿರಿದ ನಾಯಕ ನಾರಿ ಕಂಟ್ರಾಕ್ಟರ್ ಮತ್ತೆ ಟೆಸ್ಟ್ ಆಡಲಿಲ್ಲ. ಕಂಟ್ರಾಕ್ಟರ್ ಅವರದು ಒಂದೇ ದೊಡ್ಡ ಗಾಯ. ಮರುಕಳಿಸಿದ ಪೆಟ್ಟಿಗೆ ಉದಾಹರಣೆ ಆಸ್ಟ್ರೇಲಿಯಾದ ವಿಲ್ ಪುಕೋವ್‌ಸ್ಕಿ. ಭಾರತದ ವಿರುದ್ಧ 2021ರ ಸಿಡ್ನಿ ಟೆಸ್ಟಿನಲ್ಲಿ ಪದಾರ್ಪಣೆ ಮಾಡಿ 62 ರನ್ ಹೊಡೆದರು. ಅದೇ ಮೊದಲು, ಅದೇ ಕೊನೆ. ಹತ್ತಕ್ಕೂ ಹೆಚ್ಚು ಕಂಕಷನ್‌ಗಳ ನಂತರ ವೈದ್ಯರ ತಂಡವೊಂದು ಆಟ ಬಿಡಲು ಸಲಹೆ ಕೊಟ್ಟಿತು. 2025ರ ಏಪ್ರಿಲಿನಲ್ಲಿ, 27ನೇ ವಯಸ್ಸಿನಲ್ಲಿ, ಅವರು ಅದನ್ನು ಘೋಷಿಸಿದರು.

ವೈದ್ಯರು ಈಗ ಅಂಕಿ ಹೇಳುವುದನ್ನು ಬಿಟ್ಟಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ನಿವೃತ್ತಿಗೆ ಇಂತಿಷ್ಟು ಪೆಟ್ಟು ಎಂಬ ಲೆಕ್ಕ ಹಾಕಲಿಲ್ಲ. ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಿ ನಿರ್ಧರಿಸಬೇಕೆಂದರು. ಅನುಭವಿ ವೈದ್ಯರು ನೋಡುವುದು ಬೇರೆ ಸೂಚನೆಗಳನ್ನು. ಹಿಂದೆ ದೊಡ್ಡ ಡಿಕ್ಕಿಗೆ ಆಗುತ್ತಿದ್ದುದು ಈಗ ಚಿಕ್ಕ ತಾಗುವಿಕೆಗೇ ಆಗುತ್ತಿದೆಯೇ? ವಾರದಲ್ಲಿ ಹೋಗುತ್ತಿದ್ದ ತಲೆನೋವು ತಿಂಗಳಾದರೂ ಉಳಿದಿದೆಯೇ? ಪೆಟ್ಟುಗಳ ನಡುವಿನ ಅಂತರ ಕುಗ್ಗುತ್ತಿದೆಯೇ? ಮನೆಯವರು ಸ್ವಭಾವದಲ್ಲಿ ಬದಲಾವಣೆ ಕಂಡಿದ್ದಾರೆಯೇ? ಈ ಕೊನೆಯ ಪ್ರಶ್ನೆಗೆ ಆಟಗಾರನಿಗಿಂತ ಅವನ ಹೆಂಡತಿಯೇ ಒಳ್ಳೆಯ ಸಾಕ್ಷಿ.

ಇಷ್ಟೆಲ್ಲ ಗೊತ್ತಿದ್ದೂ ಬಿಡುವುದು ಏಕೆ ಕಷ್ಟ ಎಂಬುದನ್ನು ತೋರಿಸಿದ್ದು ಮಯಾಮಿ ತಂಡದ ಕ್ವಾರ್ಟರ್‌ಬ್ಯಾಕ್ ಟುವಾ ಟಗೊವೈಲೋವಾ ಅವರ ಪ್ರಕರಣ. ಪುಕೋವ್‌ಸ್ಕಿಗಿಂತ ಒಂದೇ ತಿಂಗಳು ಚಿಕ್ಕವರು. 2022ರ ಸೆಪ್ಟೆಂಬರ್ 25ರಂದು ತಲೆ ನೆಲಕ್ಕೆ ಬಡಿದು, ಎದ್ದು ತೂರಾಡಿದರು. ಬೆನ್ನು ನೋವು ಎಂದು ಹೇಳಿ ಮತ್ತೆ ಆಡಿಸಲಾಯಿತು. ನಾಲ್ಕೇ ದಿನಕ್ಕೆ ಇನ್ನೊಂದು ಪೆಟ್ಟು. ಕೈಬೆರಳುಗಳು ಸೆಟೆದು ನಿಂತ ಆ ದೃಶ್ಯ ಟಿ.ವಿ. ನೋಡುತ್ತಿದ್ದವರನ್ನು ನಡುಗಿಸಿತು. ಡಿಸೆಂಬರಿನಲ್ಲಿ ಮಗದೊಂದು. ನಿವೃತ್ತಿಯ ಬಗ್ಗೆ ಮನೆಯವರೊಂದಿಗೆ ಮಾತಾಡಿದ ಅವರು, ಕೊನೆಗೆ ಜಪಾನಿ ಕುಸ್ತಿಯ ಪಟ್ಟುಗಳಿಂದ ಪೆಟ್ಟಾಗದಂತೆ ಬೀಳುವುದನ್ನು ಕಲಿತು ಬಂದರು. 2023ರಲ್ಲಿ ಎಲ್ಲ 17 ಪಂದ್ಯ ಆಡಿ, ಚೆಂಡೆಸೆತದ ಗಜಗಳ ಲೆಕ್ಕದಲ್ಲಿ ಲೀಗಿಗೇ ಮೊದಲಿಗರಾದರು. 2024ರ ಜುಲೈನಲ್ಲಿ 21 ಕೋಟಿ 24 ಲಕ್ಷ ಡಾಲರಿನ ನಾಲ್ಕು ವರ್ಷದ ಕರಾರು ಕೈಸೇರಿತು. ಸೆಪ್ಟೆಂಬರ್ 12ರಂದು, ಋತುವಿನ ಎರಡನೇ ಪಂದ್ಯದಲ್ಲೇ, ಮತ್ತೆ ಕಂಕಷನ್.

ಬಿಟ್ಟುಬಿಡು ಎಂದು ಮಾಜಿ ಆಟಗಾರರು, ಬೇರೆ ತಂಡದ ತರಬೇತುದಾರರು ಕೂಡ ಬಹಿರಂಗವಾಗಿ ಹೇಳಿದರು. ಇಲ್ಲಿ ಕರಾರಿನ ಸೂಕ್ಷ್ಮವೊಂದಿದೆ. ಆಟಗಾರ ತಾನಾಗಿ ನಿವೃತ್ತಿ ಘೋಷಿಸಿದರೆ ಮುಂದಿನ ಖಾತರಿ ಹಣದ ಹಕ್ಕು ಬಹುಮಟ್ಟಿಗೆ ಹೋಗುತ್ತದೆ. ಆಡಲು ಅನರ್ಹ ಎಂದು ವೈದ್ಯರೇ ಹೇಳಿದರೆ, ಗಾಯಕ್ಕೆ ಖಾತರಿ ಕೊಟ್ಟಿರುವಷ್ಟು ಹಣ ಉಳಿಯುತ್ತದೆ. 'ಸಾಕು' ಎಂಬ ಒಂದು ಮಾತನ್ನು ಯಾರು ಆಡುತ್ತಾರೆ ಎಂಬುದರ ಮೇಲೆ ಕೋಟಿಗಟ್ಟಲೆ ಡಾಲರ್ ನಿಂತಿದೆ. ಅವರಂಥ ತಾರೆಯ ಪಾಡು ಹೀಗಾದರೆ, ಪಿಂಚಣಿಗೆ ಬೇಕಾದ ಮೂರು ಋತುಗಳನ್ನು ಹೇಗಾದರೂ ಪೂರೈಸಲು ಒದ್ದಾಡುವ ಸಾಮಾನ್ಯ ಆಟಗಾರ ತಲೆಸುತ್ತನ್ನು ಯಾರ ಬಳಿ ಹೇಳಿಕೊಂಡಾನು?

ಟುವಾ ನಿವೃತ್ತಿಯ ಮಾತನ್ನು ತಳ್ಳಿಹಾಕಿದರು. ಅಪಾಯ ಗೊತ್ತಿದೆ, ಆಟ ಇಷ್ಟ, ಅಷ್ಟೇ ಎಂಬುದು ಅವರ ಉತ್ತರದ ಸಾರ. ನರತಜ್ಞರು ಒಪ್ಪಿಗೆ ಕೊಟ್ಟ ಮೇಲೆ ಅಕ್ಟೋಬರ್ 27ರಂದು ಆರಿಜೋನಾ ವಿರುದ್ಧ ಅವರು ಮರಳಿ ಕಣಕ್ಕಿಳಿದರು. ಮಯಾಮಿ 27–28ರಿಂದ ಸೋತಿತು.